ೞ ಅಕ್ಷರದ ತಪ್ಪು ಹೆಸರು ಮತ್ತು ಎಲ್ಲರೂ ಕೂರುವ ಒಂದು ಮೇಜು

ಹಳಗನ್ನಡದಲ್ಲಿ ೞ ಎಂಬ ಅಕ್ಷರ ಇತ್ತು. ಇವತ್ತು ನಾವು ‘ಬಾಳೆ’, ‘ಕೋಳಿ’, ‘ಏಳು’ ಎಂದು ಬರೆಯುವುದನ್ನು ಆಗ ‘ಬಾೞೆ’, ‘ಕೋೞಿ’, ‘ಏೞು’ ಎಂದು ಬರೆಯುತ್ತಿದ್ದರು. ಕಾಲ ಕಳೆದಂತೆ ಆ ಉಚ್ಚಾರ ಹೋಯಿತು, ಅಕ್ಷರವೂ ಹೋಯಿತು. ಆದರೆ ಪಂಪನನ್ನು, ರನ್ನನನ್ನು ಓದುವವರಿಗೆ ಅದು ಇವತ್ತಿಗೂ ಬೇಕು. ಶಾಸನ ಓದುವವರಿಗಂತೂ ಬೇಕೇ ಬೇಕು.

ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ, ಒಂದೊಂದು ಹೆಸರು ಕೊಡುವ ಪಟ್ಟಿಯೇ ಯುನಿಕೋಡ್. ನಿಮ್ಮ ಮೊಬೈಲಿನಲ್ಲಿ ಕನ್ನಡ ಮೂಡುವುದು ಅದರಿಂದಲೇ. ಆ ಪಟ್ಟಿಯಲ್ಲಿ ೞ ಅಕ್ಷರಕ್ಕೂ ಜಾಗ ಇದೆ. ಆದರೆ ಅಲ್ಲಿ ಅದರ ಹೆಸರು ‘ಕನ್ನಡ ಲೆಟರ್ ಫಾ’. ಫ್ಯಾನ್, ಫೋನ್ ಎನ್ನುವಾಗ ಬರುತ್ತದಲ್ಲ, ಆ ‘ಫ’. ಹೆಸರು ತಪ್ಪು ಎಂದು ಯುನಿಕೋಡ್‌ನವರೇ ಪಕ್ಕದಲ್ಲಿ ಟಿಪ್ಪಣಿ ಹಾಕಿದ್ದಾರೆ. ಸರಿಯಾದ ಇನ್ನೊಂದು ಹೆಸರನ್ನೂ ಸೇರಿಸಿದ್ದಾರೆ. ಮೂಲ ಹೆಸರು ಮಾತ್ರ ಹಾಗೇ ಇದೆ. ಒಮ್ಮೆ ಕೊಟ್ಟ ಹೆಸರನ್ನು ಮತ್ತೆ ಬದಲಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ. ಜಗತ್ತಿನ ಎಷ್ಟೋ ಪ್ರೋಗ್ರಾಮ್‌ಗಳು ಆ ಹೆಸರುಗಳನ್ನು ನಂಬಿಕೊಂಡಿರುವುದರಿಂದ ಆ ನಿಯಮಕ್ಕೂ ಅರ್ಥ ಇದೆ.

ಈ ತಪ್ಪಿನಿಂದ ಯಾರ ಕೆಲಸವೂ ನಿಂತಿಲ್ಲ. ಅಕ್ಷರ ಸರಿಯಾಗೇ ಮೂಡುತ್ತದೆ. ಆದರೂ ನನಗೆ ಇದು ಪದೇ ಪದೇ ನೆನಪಿಗೆ ಬರುತ್ತದೆ. ಪಟ್ಟಿ ಗಟ್ಟಿಯಾಗುವ ಮೊದಲು ಹಳಗನ್ನಡ ಬಲ್ಲ ಒಬ್ಬರು ಅದರ ಮೇಲೆ ಕಣ್ಣಾಡಿಸಿ ‘ಇದು ಫ ಅಲ್ಲ’ ಎಂದಿದ್ದರೆ ಸಾಕಿತ್ತು. ಒಂದು ನಿಮಿಷದ ಮಾತು, ಅಷ್ಟೇ. ಆ ಮಾತು ಸಮಯಕ್ಕೆ ಸರಿಯಾಗಿ ಆಗಲಿಲ್ಲ.

ಇಂಥ ಮಾತು ಸಮಯಕ್ಕೆ ಸರಿಯಾಗಿ ಆಗಲಿ ಎಂದೇ ಕೆಲವು ವಿಶ್ವವಿದ್ಯಾಲಯಗಳು ಒಂದು ಜಾಗ ಮಾಡಿಟ್ಟಿವೆ. ಸಾಹಿತ್ಯ, ಇತಿಹಾಸ, ಕಲೆ, ಸಂಗೀತ ಓದಿದವರು ಒಂದು ಕಡೆ. ಪ್ರೋಗ್ರಾಮ್ ಬರೆಯುವವರು, ನಕ್ಷೆ ಮಾಡುವವರು, ವಿನ್ಯಾಸಕರು, ಗ್ರಂಥಪಾಲಕರು ಇನ್ನೊಂದು ಕಡೆ. ಇವರೆಲ್ಲ ಒಂದೇ ಮೇಜಿನ ಸುತ್ತ ಕೂರುವ ಜಾಗ ಅದು. ಡಿಜಿಟಲ್ ಹ್ಯುಮಾನಿಟೀಸ್ ಲ್ಯಾಬ್ ಅಂತಾರೆ, ಡಿಜಿಟಲ್ ಆರ್ಟ್ಸ್ ಸೆಂಟರ್ ಅಂತಲೂ ಅಂತಾರೆ. ಹೆಸರು ಕೇಳಿದರೆ ಎಸಿ ಕೋಣೆ, ಸಾಲು ಸಾಲು ಕಂಪ್ಯೂಟರ್ ಕಣ್ಣ ಮುಂದೆ ಬರುತ್ತದೆ. ಕಂಪ್ಯೂಟರ್ ಇರುತ್ತವೆ, ನಿಜ. ಆದರೆ ಅವು ಎಲ್ಲ ಕಡೆಯೂ ಇವೆ. ಅಲ್ಲಿ ನಡೆಯುವ ಮುಖ್ಯ ಕೆಲಸ ಬೇರೆಯೇ. ಅದೇನು ಎಂದು ಬಿಡಿಸಿ ಹೇಳಲು ಈ ಬರಹ.

ಲೈಬ್ರರಿಯ ಒಳಗೆ ಒಂದು ಲ್ಯಾಬ್

ಅಮೆರಿಕದ ಷಾರ್ಲಟ್ಸ್‌ವಿಲ್ ಊರಿನ ವರ್ಜೀನಿಯಾ ವಿಶ್ವವಿದ್ಯಾಲಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಈ ಕ್ಷೇತ್ರದಲ್ಲಿ ಅಲ್ಲಿನವರದು ಹಳೆಯ ಅನುಭವ. 1992ರಲ್ಲೇ, ಅಂದರೆ ಹೆಚ್ಚಿನ ಜನ ಇಂಟರ್ನೆಟ್ ಎಂಬ ಮಾತನ್ನೇ ಕೇಳಿರದ ಕಾಲದಲ್ಲಿ, ಅಲ್ಲಿ ಸಾಹಿತ್ಯ, ಇತಿಹಾಸದಂಥ ಮಾನವಿಕ ವಿಷಯಗಳಿಗೆ ಕಂಪ್ಯೂಟರ್ ಬಳಸುವ ಒಂದು ಸಂಸ್ಥೆ ಶುರುವಾಯಿತು. ಅದೇ ಹೊತ್ತಿಗೆ ಅಲ್ಲಿನ ಲೈಬ್ರರಿ ಹಳೆಯ ಪುಸ್ತಕಗಳನ್ನು ಕಂಪ್ಯೂಟರ್ ಓದುವ ಪಠ್ಯವಾಗಿ ಮಾಡುವ ಕೇಂದ್ರವನ್ನೂ ತೆರೆಯಿತು.

ಅಲ್ಲಿಂದ ಬಂದ ಒಂದು ಕೆಲಸ ತುಂಬಾ ಹೆಸರಾಯಿತು. ಇತಿಹಾಸಕಾರ ಎಡ್ವರ್ಡ್ ಏಯರ್ಸ್ ಅಮೆರಿಕದ ಅಂತರ್ಯುದ್ಧದ ಕಾಲದ ಎರಡು ಕೌಂಟಿಗಳನ್ನು (ನಮ್ಮ ಜಿಲ್ಲೆಯಂಥವು) ಆರಿಸಿಕೊಂಡರು. ಒಂದು ದಕ್ಷಿಣದ ವರ್ಜೀನಿಯಾದ್ದು, ಒಂದು ಉತ್ತರದ ಪೆನ್ಸಿಲ್ವೇನಿಯಾದ್ದು. ಎರಡೂ ಕಡೆಯ ಜನರ ಪತ್ರ, ದಿನಚರಿ, ಪತ್ರಿಕೆ, ಜನಗಣತಿಯ ಲೆಕ್ಕ ಎಲ್ಲವನ್ನೂ ಒಂದೇ ಕಡೆ ಕೂಡಿಹಾಕಿ, ಯಾರು ಬೇಕಾದರೂ ಹುಡುಕಿ ಓದುವಂತೆ ಮಾಡಿದರು. ಯುದ್ಧದ ಕಥೆಯನ್ನು ಸೇನಾಪತಿಗಳ ಕಡೆಯಿಂದ ಹೇಳುವ ಬದಲು ಎರಡು ಊರುಕಡೆಯ ಸಾಮಾನ್ಯ ಜನರ ಮಾತಿನಲ್ಲೇ ಕೇಳುವ ದಾರಿ ತೆರೆಯಿತು. ಇಷ್ಟು ಕಾಗದವನ್ನು ಒಬ್ಬರೇ ಕೂತು ಮಾಡಿ ಮುಗಿಸಲು ಸಾಧ್ಯವೇ ಇರಲಿಲ್ಲ.

2006ರಲ್ಲಿ ಲೈಬ್ರರಿಯೊಳಗೆ ಬೇರೆ ಬೇರೆ ಕಡೆ ಇದ್ದ ಪಠ್ಯ ಕೇಂದ್ರ, ನಕ್ಷೆ ಮತ್ತು ಅಂಕಿಅಂಶದ ಕೇಂದ್ರ, ಸಂಶೋಧನೆಗೆ ಕಂಪ್ಯೂಟರ್ ನೆರವು ಕೊಡುವ ತಂಡ ಮೂರನ್ನೂ ಸೇರಿಸಿ ‘ಸ್ಕಾಲರ್ಸ್ ಲ್ಯಾಬ್’ ಮಾಡಿದರು. ಇದ್ದದ್ದು ಆಲ್ಡರ್‌ಮನ್ ಲೈಬ್ರರಿಯಲ್ಲಿ. ಆ ಕಟ್ಟಡವನ್ನು 2020ರಲ್ಲಿ ದುರಸ್ತಿಗೆ ಮುಚ್ಚಿದ್ದರು, 2024ರ ಜನವರಿಯಲ್ಲಿ ಮತ್ತೆ ತೆರೆದರು. ಈಗ ಅದರ ಹೆಸರು ಷಾನನ್ ಲೈಬ್ರರಿ.

ಲ್ಯಾಬ್ ಯಾಕೆ ಲೈಬ್ರರಿಯಲ್ಲಿ? ಇಂಗ್ಲಿಷ್ ವಿಭಾಗದಲ್ಲೋ ಕಂಪ್ಯೂಟರ್ ವಿಭಾಗದಲ್ಲೋ ಇಡಬಹುದಿತ್ತಲ್ಲ? ನನಗೆ ಈ ಪ್ರಶ್ನೆ ಬಹಳ ಮುಖ್ಯ ಅನ್ನಿಸುತ್ತದೆ. ಇಂಗ್ಲಿಷ್ ವಿಭಾಗದಲ್ಲಿ ಇಟ್ಟರೆ ಪ್ರೋಗ್ರಾಮರ್ ಅಲ್ಲಿ ನೆಂಟ. ಕಂಪ್ಯೂಟರ್ ವಿಭಾಗದಲ್ಲಿ ಇಟ್ಟರೆ ಸಾಹಿತ್ಯದವರು ನೆಂಟರು. ನೆಂಟರಾಗಿ ಹೋದವರು ಗಟ್ಟಿಯಾಗಿ ಪ್ರಶ್ನೆ ಕೇಳುವುದಿಲ್ಲ. ಲೈಬ್ರರಿ ಯಾರೊಬ್ಬರ ಮನೆಯೂ ಅಲ್ಲ, ಎಲ್ಲರೂ ಹೋಗಿ ಬರುವ ಜಾಗ. ಇನ್ನೊಂದು ಕಾರಣವೂ ಇದೆ. ಮೂರು ವರ್ಷದ ಯೋಜನೆ ಮುಗಿದ ಮೇಲೆ ಮಾಡಿದ್ದನ್ನು ಮೂವತ್ತು ವರ್ಷ ಜೋಪಾನ ಮಾಡುವುದು ಹೇಗೆ ಎಂದು ದಿನಾ ಯೋಚಿಸುವವರು ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರೇ.

ಸ್ಕಾಲರ್ಸ್ ಲ್ಯಾಬ್‌ನಲ್ಲಿ ನಕ್ಷೆ ತಜ್ಞರು ಇದ್ದಾರೆ, ಸಾಫ್ಟ್‌ವೇರ್ ಬರೆಯುವವರು ಇದ್ದಾರೆ, ಹಳೆಯ ಕಟ್ಟಡಗಳನ್ನು ತ್ರೀಡಿ ಸ್ಕ್ಯಾನ್ ಮಾಡುವವರು ಇದ್ದಾರೆ. ತ್ರೀಡಿ ಪ್ರಿಂಟರ್ ಇಟ್ಟ ಮೇಕರ್‌ಸ್ಪೇಸ್, ಅಂದರೆ ವಸ್ತುಗಳನ್ನು ಕೈಯಾರೆ ಮಾಡಿ ನೋಡುವ ಜಾಗ ಇದೆ. ಇವರಲ್ಲಿ ಹಲವರು ಮೊದಲು ಸಾಹಿತ್ಯ, ಇತಿಹಾಸವನ್ನೇ ಓದಿ ಆಮೇಲೆ ಪ್ರೋಗ್ರಾಮಿಂಗ್ ಕಲಿತವರು. ಸಿಬ್ಬಂದಿಗೆ ಕೆಲಸದ ಸಮಯದ ಶೇಕಡಾ 20 ಭಾಗವನ್ನು ತಮ್ಮದೇ ಸಂಶೋಧನೆಗೆ ಬಿಟ್ಟುಕೊಡುವ ಪದ್ಧತಿಯನ್ನೂ ಇಟ್ಟುಕೊಂಡರು. ಇದು ಸಣ್ಣ ವಿಷಯ ಅಲ್ಲ. ಪ್ರೋಗ್ರಾಮರ್‌ಗೆ ತನ್ನದೇ ಪ್ರಶ್ನೆಗಳಿದ್ದರೆ ಅವನು ಪ್ರಾಧ್ಯಾಪಕರ ಜೊತೆ ಸಮಸಮನಾಗಿ ಮಾತಾಡಬಲ್ಲ.

‘ಮೇಡಂ, ಇಸವಿ ಏನು ಹಾಕಲಿ?’

ಮೇಜಿನ ಸುತ್ತ ಕೂತು ಮಾಡುವುದಾದರೂ ಏನು? ನಮಗೆ ಹತ್ತಿರದ ಒಂದು ವಿಷಯ ಇಟ್ಟುಕೊಂಡು ನೋಡೋಣ. ಹೊಯ್ಸಳರ ಕಾಲದ ಶಾಸನಗಳನ್ನೆಲ್ಲ ಒಂದು ನಕ್ಷೆಯ ಮೇಲೆ ತೋರಿಸಬೇಕು. ಕೆಳಗೆ ವರ್ಷಗಳನ್ನು ಗುರುತಿಸಿದ, ಆಚೀಚೆ ಎಳೆಯಬಹುದಾದ ಒಂದು ಪಟ್ಟಿ ಇರಬೇಕು. ಪಟ್ಟಿಯನ್ನು ಎಳೆದಂತೆ ಆಯಾ ಕಾಲದ ಶಾಸನಗಳು ನಕ್ಷೆಯಲ್ಲಿ ಮೂಡಬೇಕು. ಶಾಸನ ಓದಬಲ್ಲ ಒಬ್ಬರು ಪ್ರಾಧ್ಯಾಪಕಿ, ಪ್ರೋಗ್ರಾಮ್ ಬರೆಯಬಲ್ಲ ಒಬ್ಬ ಹುಡುಗ ಎದುರುಬದುರು ಕೂತಿದ್ದಾರೆ ಎಂದುಕೊಳ್ಳಿ.

ಮೊದಲ ಶಾಸನ ಸುಲಭ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ವಿಷ್ಣುವರ್ಧನನ ಕಾಲದಲ್ಲಿ, ಶಕ ವರ್ಷ 1039ರಲ್ಲಿ, ಹೇಮಲಂಬಿ ಸಂವತ್ಸರದಲ್ಲಿ ಆಯಿತು. ಶಕಕ್ಕೆ 78 ಕೂಡಿಸಿದರೆ 1117. ಹುಡುಗ ‘ಇಸವಿ’ ಎಂಬ ಕಾಲಂನಲ್ಲಿ 1117 ಎಂದು ತುಂಬಿದ.

ಎರಡನೆಯ ಕಲ್ಲು ಒಡೆದಿದೆ. ಶಕ ವರ್ಷ ಇದ್ದ ಜಾಗವೇ ಹೋಗಿದೆ. ‘ಹೇಮಲಂಬಿ ಸಂವತ್ಸರ’ ಎಂಬಷ್ಟು ಮಾತ್ರ ಉಳಿದಿದೆ.

“ಮೇಡಂ, ಇದಕ್ಕೆ ಇಸವಿ ಏನು ಹಾಕಲಿ?”

“ಖಚಿತವಾಗಿ ಹೇಳೋಕೆ ಆಗಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ಮತ್ತೆ ಬರುತ್ತಲ್ವಾ? 1057 ಇರಬಹುದು, 1117 ಇರಬಹುದು, 1177 ಇರಬಹುದು. ಅಕ್ಷರ ನೋಡಿದರೆ 1117 ಅನ್ಸುತ್ತೆ.”

“ಹಾಗಾದರೆ 1117 ಹಾಕಲಾ?”

“ಬೇಡ. ಸುಮಾರು ಅಂತ ಹಾಕಿ.”

“ಕಾಲಂ ಅಂಕಿ ಮಾತ್ರ ತಗೊಳ್ಳುತ್ತೆ ಮೇಡಂ. ಸುಮಾರು ಅಂದರೆ ಎಷ್ಟು? ಹತ್ತು ವರ್ಷ ಆಚೀಚೆಯಾ, ಐವತ್ತು ವರ್ಷವಾ?”

ಇಲ್ಲಿ ಇಬ್ಬರೂ ನಿಲ್ಲುತ್ತಾರೆ. (ಹೇಮಲಂಬಿಯನ್ನೇ ನಾವು ಹೇವಿಳಂಬಿ ಎನ್ನುವುದು. 2017ರ ಯುಗಾದಿಗೆ ಬಂದದ್ದು ಅದೇ ಸಂವತ್ಸರ. 1117ರಿಂದ ಲೆಕ್ಕ ಹಾಕಿದರೆ ಸರಿಯಾಗಿ ಹದಿನೈದು ಸುತ್ತು.)

ಸುಮ್ನೆ 1117 ಎಂದು ತುಂಬಿಬಿಟ್ಟರೆ ಏನಾಗುತ್ತದೆ? ನಕ್ಷೆಯಲ್ಲಿ ಒಂದು ಚುಕ್ಕಿ ಗಟ್ಟಿಯಾಗಿ ಕೂರುತ್ತದೆ. ಹತ್ತು ವರ್ಷದ ನಂತರ ಯಾರೋ ಸಂಶೋಧಕರು ‘1117ರಲ್ಲಿ ಇಷ್ಟು ಶಾಸನಗಳು’ ಎಂದು ಎಣಿಸುತ್ತಾರೆ. ಒಬ್ಬರ ಊಹೆ ಅಲ್ಲಿಗೆ ಅಂಕಿ ಆಯಿತು. ಖಾಲಿ ಬಿಟ್ಟರೆ? ಪಟ್ಟಿ ಎಳೆದಾಗ ಆ ಕಲ್ಲು ಯಾವ ಕಾಲದಲ್ಲೂ ಕಾಣಿಸುವುದೇ ಇಲ್ಲ. ಊರಲ್ಲಿ ನಿಂತಿರುವ ಕಲ್ಲು ನಕ್ಷೆಯಿಂದ ಮಾಯ. ಎರಡೂ ತಪ್ಪೇ. ಹಲ್ಮಿಡಿ ಶಾಸನದಲ್ಲಿ ಕಾಲವೇ ಬರೆದಿಲ್ಲ, ವಿದ್ವಾಂಸರು ಲಿಪಿ ಮತ್ತು ಸಂದರ್ಭ ನೋಡಿ ‘ಸುಮಾರು 450’ ಎನ್ನುತ್ತಾರೆ. ಪುಸ್ತಕದಲ್ಲಿ ಆ ‘ಸುಮಾರು’ ಸಲೀಸಾಗಿ ಕೂರುತ್ತದೆ. ಕಂಪ್ಯೂಟರಿಗೆ ಅದನ್ನು ಬಿಡಿಸಿ ಹೇಳಬೇಕು.

ಹೇಳುವ ದಾರಿ ಇದೆ. ಟಿಇಐ ಎಂಬ ಒಂದು ಪದ್ಧತಿಯನ್ನು 1987ರಿಂದ ಕಟ್ಟುತ್ತಾ ಬಂದಿದ್ದಾರೆ. ಹಳೆಯ ಪಠ್ಯಗಳನ್ನು ಕಂಪ್ಯೂಟರಿನಲ್ಲಿ ಹೇಗೆ ಗುರುತು ಹಾಕಿ ಬರೆಯಬೇಕು ಎಂಬ ಸಾಮಾನ್ಯ ಒಪ್ಪಂದ ಅದು. ಭಾಷೆ ಬಲ್ಲವರೂ ಕಂಪ್ಯೂಟರ್ ಬಲ್ಲವರೂ ಒಟ್ಟಿಗೆ ಕೂತು ಮಾಡಿದ್ದು. ಅದರಲ್ಲಿ ಒಂದು ಕಾಲವನ್ನು ‘ಇದಕ್ಕಿಂತ ಹಿಂದಿನದಲ್ಲ, ಇದಾದ ಮೇಲಿನದಲ್ಲ’ ಎಂದು ಎರಡು ಗಡಿ ಹಾಕಿ ಬರೆಯಬಹುದು. ಎಷ್ಟು ಖಚಿತ ಎಂದು ಹೇಳಬಹುದು. ಅಕ್ಷರ ಸವೆದಿದ್ದರೆ ‘ಅಸ್ಪಷ್ಟ’ ಎಂದು, ಒಡೆದಿದ್ದರೆ ‘ಖಾಲಿ’ ಎಂದು, ಸಂಪಾದಕರೇ ಊಹಿಸಿ ತುಂಬಿದ್ದರೆ ‘ತುಂಬಿದ್ದು’ ಎಂದು ಬೇರೆ ಬೇರೆ ಗುರುತು ಹಾಕಬಹುದು. ಹಾಗೆ ತೀರ್ಮಾನ ಮಾಡಿದವರು ಯಾರು ಎಂದೂ ಬರೆಯಬಹುದು. ಜಗತ್ತಿನ ಶಾಸನ ಸಂಪಾದಕರು ಇದನ್ನೇ ತಮಗೆ ಬೇಕಾದಂತೆ ಹೊಂದಿಸಿಕೊಂಡು ಎಪಿಡಾಕ್ ಎಂದು ಕರೆಯುತ್ತಾರೆ.

ಆದರೆ ಪದ್ಧತಿ ಇದ್ದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಹುಡುಗ ‘ಸುಮಾರು ಅಂದರೆ ಎಷ್ಟು?’ ಎಂದು ಕೇಳಬೇಕು. ಆ ಪ್ರಶ್ನೆಯನ್ನು ಪ್ರಾಧ್ಯಾಪಕಿಗೆ ಅದುವರೆಗೆ ಯಾರೂ ಕೇಳಿರುವುದಿಲ್ಲ, ಯಾಕೆಂದರೆ ಜೊತೆಯವರಿಗೆಲ್ಲ ‘ಸುಮಾರು’ ಗೊತ್ತು. ಈಗ ಅವರು ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚಿಗೆ ಮತ್ತೆ ಹೋಗಿ, ಯಾವ ಅಕ್ಷರದ ಯಾವ ತಿರುವು ನೋಡಿ ತನಗೆ 1117 ಅನ್ನಿಸಿತು ಎಂದು ಹುಡುಕುತ್ತಾರೆ. ಇಷ್ಟು ವರ್ಷ ಕಣ್ಣಿಗೆ ಗೊತ್ತಿದ್ದದ್ದು ಮೊದಲ ಸಲ ಮಾತಿಗೆ ಬರುತ್ತದೆ. ಹುಡುಗನಿಗೂ ಒಂದು ಪಾಠ ಆಗುತ್ತದೆ. ತಾನು ಕಾಲಂ ಮಾಡುವಾಗಲೇ ಒಂದು ತೀರ್ಮಾನ ಮಾಡಿಬಿಟ್ಟಿದ್ದೆ, ಜಗತ್ತಿನ ಎಲ್ಲ ಕಲ್ಲಿಗೂ ಒಂದೇ ಇಸವಿ ಇರುತ್ತದೆ ಎಂದುಕೊಂಡಿದ್ದೆ ಎಂದು ಅವನಿಗೆ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ಇಡೀ ಲ್ಯಾಬ್‌ನ ತಿರುಳು ಈ ಹತ್ತು ನಿಮಿಷದ ಮಾತಿನಲ್ಲಿದೆ. ಇದು ಇಮೇಲ್‌ನಲ್ಲಿ ಆಗುವುದು ಕಷ್ಟ. ‘ಎಕ್ಸೆಲ್ ಶೀಟ್ ಕಳಿಸಿ, ನಾವು ವೆಬ್‌ಸೈಟ್ ಮಾಡಿಕೊಡ್ತೀವಿ’ ಎನ್ನುವ ಕಂಪನಿಗೆ ಕೆಲಸ ಕೊಟ್ಟರೆ ಈ ಮಾತು ಏಳುವುದೇ ಇಲ್ಲ. ಅವರಿಗೆ ಅಂಕಿ ಸಿಕ್ಕರೆ ಸಾಕು. ಪಕ್ಕದಲ್ಲೇ ಕೂತಿದ್ದರೆ, ಸ್ಕ್ರೀನ್ ಕಡೆ ಬೆರಳು ತೋರಿಸಿ ಕೇಳುವಂತಿದ್ದರೆ ಮಾತ್ರ ಇಂಥ ಪ್ರಶ್ನೆ ಬಾಯಿಗೆ ಬರುತ್ತದೆ.

ಕಲಾವಿದರ ಕಡೆಗೂ ಇದೇ ಕಥೆ. 1966ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಒಂದು ಹಳೆಯ ಸೇನಾ ಕಟ್ಟಡದಲ್ಲಿ ‘ನೈನ್ ಈವ್ನಿಂಗ್ಸ್’ ಎಂಬ ಪ್ರದರ್ಶನ ನಡೆಯಿತು. ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯ ಎಂಜಿನಿಯರ್ ಬಿಲ್ಲಿ ಕ್ಲೂವರ್ ಮತ್ತು ಕಲಾವಿದ ರಾಬರ್ಟ್ ರಾಷನ್‌ಬರ್ಗ್ ಸೇರಿ 10 ಮಂದಿ ಕಲಾವಿದರನ್ನೂ ಸುಮಾರು 30 ಎಂಜಿನಿಯರ್‌ಗಳನ್ನೂ ಒಟ್ಟುಗೂಡಿಸಿದ್ದರು. ಒಂದು ಕೃತಿಯಲ್ಲಿ ಟೆನಿಸ್ ರ್‍ಯಾಕೆಟ್‌ಗೆ ಮೈಕ್ ಅಳವಡಿಸಿದ್ದರು. ಚೆಂಡು ತಾಗಿದಾಗಲೆಲ್ಲ ಸದ್ದು ದೊಡ್ಡದಾಗಿ ಕೇಳುತ್ತಿತ್ತು, ಒಂದೊಂದೇ ದೀಪ ಆರುತ್ತಿತ್ತು. ಆಟ ಮುಗಿಯುವಾಗ ಸಭಾಂಗಣ ಪೂರ್ತಿ ಕತ್ತಲೆ. ಕಲಾವಿದನೊಬ್ಬನೇ ಕೂತಿದ್ದರೆ ಆ ರ್‍ಯಾಕೆಟ್ ಆಗುತ್ತಿರಲಿಲ್ಲ. ಎಂಜಿನಿಯರ್ ಒಬ್ಬನೇ ಇದ್ದಿದ್ದರೆ ಯಾಕೆ ಮಾಡಬೇಕು ಎಂದು ಅವನಿಗೆ ಹೊಳೆಯುತ್ತಿರಲಿಲ್ಲ.

ಯಾರ ಹೆಸರು ಎಲ್ಲಿ?

ಬೇಲೂರಿಗೆ ಹೋದವರು ಮದನಿಕೆಯರ ಕೆಳಗೆ ಬಗ್ಗಿ ನೋಡಿರಬಹುದು. ಅಲ್ಲಿ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನೂರಾರು ಕೈ ಸೇರಿ ಮಾಡಿದ ಕೆಲಸದಲ್ಲಿ ಈ ಬೊಂಬೆ ನಾನು ಮಾಡಿದ್ದು ಎಂದು ಹೇಳಿಕೊಳ್ಳುವ ಅವಕಾಶ ಆ ರೂವಾರಿಗಳಿಗೆ ಇತ್ತು. ನನಗೆ ಅದು ದೊಡ್ಡ ವಿಷಯವಾಗಿ ಕಾಣುತ್ತದೆ.

ಕಂಪ್ಯೂಟರ್ ಮತ್ತು ಸಾಹಿತ್ಯ ಸೇರಿದ ಮೊದಲ ದೊಡ್ಡ ಕೆಲಸದಲ್ಲಿ ಆ ಅವಕಾಶ ಇರಲಿಲ್ಲ. ಇಟಲಿಯ ಪಾದ್ರಿ ರೊಬೆರ್ತೊ ಬುಸಾ ಮಧ್ಯಯುಗದ ಕ್ರೈಸ್ತ ಚಿಂತಕ ಸಂತ ಥಾಮಸ್ ಅಕ್ವಿನಾಸ್‌ನ ಲ್ಯಾಟಿನ್ ಬರಹಗಳ ಪ್ರತಿಯೊಂದು ಪದಕ್ಕೂ ಸೂಚಿ ಮಾಡಲು ಹೊರಟರು. 1949ರಲ್ಲಿ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ನ್ಯೂಯಾರ್ಕಿನಲ್ಲಿ ಕಂಡು ನೆರವು ಪಡೆದರು. ಒಂದು ಕೋಟಿಗೂ ಹೆಚ್ಚು ಪದಗಳು. ಅಚ್ಚಾದಾಗ 56 ಸಂಪುಟ. ಮುಗಿಯಲು ಮೂವತ್ತು ವರ್ಷ ಹಿಡಿಯಿತು. ಆ ಪದಗಳನ್ನು ರಂಧ್ರ ಕೊರೆಯುವ ಕಾರ್ಡುಗಳಿಗೆ ತುಂಬಿದವರು ಗಲ್ಲರಾತೆ ಊರಿನ ಕೇಂದ್ರದಲ್ಲಿ ತರಬೇತಿ ಪಡೆದ ಯುವತಿಯರು. ಅವರಲ್ಲಿ ಹೆಚ್ಚಿನವರಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಆದರೂ ತಪ್ಪಿಲ್ಲದೆ ಒತ್ತಬೇಕಿತ್ತು. ಬುಸಾ ಹೆಸರು ಈ ಕ್ಷೇತ್ರದ ಎಲ್ಲ ಪುಸ್ತಕದಲ್ಲೂ ಇದೆ, ಅವರ ಹೆಸರಲ್ಲಿ ಪ್ರಶಸ್ತಿಯೂ ಇದೆ. ಆ ಹೆಣ್ಣುಮಕ್ಕಳು ಬಹುಕಾಲ ಹಳೆಯ ಫೋಟೋಗಳಲ್ಲಿ ಹೆಸರಿಲ್ಲದ ಮುಖಗಳಾಗಿಯೇ ಉಳಿದರು. ಸಂಶೋಧಕರು ಅವರಲ್ಲಿ ಬದುಕಿರುವವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದ್ದು ತೀರಾ ಇತ್ತೀಚೆಗೆ.

ಈ ತಪ್ಪು ಮತ್ತೆ ಆಗಬಾರದು ಎಂಬ ಕಾಳಜಿ ಇವತ್ತಿನ ಲ್ಯಾಬ್‌ಗಳಲ್ಲಿ ಇದೆ. 2011ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಒಂದು ಕಮ್ಮಟದಲ್ಲಿ ಸೇರಿದವರು ‘ಸಹಯೋಗಿಗಳ ಹಕ್ಕುಪತ್ರ’ ಒಂದನ್ನು ಬರೆದರು. ಪ್ರೋಗ್ರಾಮ್ ಬರೆದದ್ದು, ಪಠ್ಯ ತುಂಬಿದ್ದು, ವಿನ್ಯಾಸ ಮಾಡಿದ್ದು, ಯೋಜನೆ ನಡೆಸಿದ್ದು ಎಲ್ಲವೂ ವಿದ್ವತ್ತಿನ ಕೆಲಸವೇ, ಎಲ್ಲರ ಹೆಸರೂ ಎದ್ದು ಕಾಣುವ ಜಾಗದಲ್ಲಿರಬೇಕು ಎಂದು ಅದು ಹೇಳುತ್ತದೆ. 2015ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳಿಗಾಗಿಯೇ ಇಂಥದ್ದೊಂದನ್ನು ಮಾಡಿದರು. ಅದರ ಒಂದು ತತ್ವ ನನಗೆ ತುಂಬಾ ಇಷ್ಟ. ಯೋಜನೆ ಹೇಗಿರಬೇಕು ಎಂದು ತೀರ್ಮಾನಿಸುವ ಅಧಿಕಾರ ವಿದ್ಯಾರ್ಥಿಗೆ ಇಲ್ಲ ಎಂದಾದರೆ ಅವರ ಸಮಯಕ್ಕೆ ಸಂಬಳ ಕೊಡಲೇಬೇಕು. ‘ಅನುಭವ ಸಿಗುತ್ತೆ’ ಎಂದು ಹೇಳಿ ಟೈಪ್ ಮಾಡಿಸಿಕೊಳ್ಳುವಂತಿಲ್ಲ. ನಮ್ಮಲ್ಲಿ ಎಂಎ ಮಕ್ಕಳು ಹೀಗೆ ಎಷ್ಟು ಪುಟ ಟೈಪ್ ಮಾಡಿದ್ದಾರೆ ಎಂದು ಯೋಚಿಸಿದರೆ ಹೊಟ್ಟೆ ಚುರ್ ಎನ್ನುತ್ತದೆ.

ಸ್ಕಾಲರ್ಸ್ ಲ್ಯಾಬ್ ಇದನ್ನು ಕಲಿಕೆಯ ಭಾಗವನ್ನಾಗಿಯೇ ಮಾಡಿತು. 2011ರಲ್ಲಿ ಅಲ್ಲಿ ‘ಪ್ರಾಕ್ಸಿಸ್’ ಎಂಬ ಕಾರ್ಯಕ್ರಮ ಶುರುವಾಯಿತು. ಬೇರೆ ಬೇರೆ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳ ಸಣ್ಣ ತಂಡ ಒಂದು ವರ್ಷ ಸೇರಿ ಏನಾದರೂ ಒಂದನ್ನು ಕಟ್ಟಬೇಕು. ಪ್ರೋಗ್ರಾಮಿಂಗ್ ಮುಟ್ಟುವ ಮೊದಲು ಆ ತಂಡ ತನ್ನದೇ ಒಪ್ಪಂದಪತ್ರ ಬರೆಯಬೇಕು. ಹೆಸರು ಯಾರದು, ಜಗಳ ಬಂದರೆ ಏನು ಮಾಡುವುದು, ಒಬ್ಬರು ಮಧ್ಯದಲ್ಲಿ ಬಿಟ್ಟುಹೋದರೆ ಏನು, ಮಾಡಿದ್ದನ್ನು ಎಲ್ಲರಿಗೂ ಬಿಟ್ಟುಕೊಡುವುದಾ ಇಲ್ವಾ. ಇದೆಲ್ಲ ಮೊದಲೇ ಮಾತಾಗಬೇಕು. ಹಿಂದಿನ ವರ್ಷದ ತಂಡದ ಪತ್ರವನ್ನು ನಕಲು ಮಾಡಿಕೊಂಡರೆ ನಡೆಯುವುದಿಲ್ಲ, ಮತ್ತೆ ಹೊಸದಾಗಿ ಕೂತು ಬರೆಯಬೇಕು. ಮದುವೆಗೆ ಮುಂಚೆ ಹಿರಿಯರು ಕೂತು ಎಲ್ಲ ಮಾತಾಡಿಕೊಳ್ಳುವ ಹಾಗೆ.

ಮೊದಲ ತಂಡ ಕಟ್ಟಿದ್ದು ‘ಪ್ರಿಸಮ್’ ಎಂಬ ಸಲಕರಣೆ. ಒಂದು ಪಠ್ಯ ಕೊಡುತ್ತಾರೆ, ಎರಡು ಮೂರು ಬಣ್ಣ ಕೊಡುತ್ತಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಅರ್ಥ. ಓದುಗರು ತಮಗೆ ಅನ್ನಿಸಿದಂತೆ ಪದಗಳಿಗೆ ಬಣ್ಣ ಬಳಿಯುತ್ತಾರೆ. ಎಲ್ಲರದ್ದೂ ಸೇರಿಸಿ ನೋಡಿದರೆ ಯಾವ ಪದವನ್ನು ಎಷ್ಟು ಜನ ಹೇಗೆ ಓದಿದರು ಎಂದು ಕಾಣುತ್ತದೆ. ಅಲ್ಲಮನ ಒಂದು ವಚನ ಇಟ್ಟು ನಮ್ಮ ತರಗತಿಗಳಲ್ಲಿ ಹೀಗೆ ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ ಅಲ್ವಾ?

ಕೋಲ್ಕತ್ತಾದಲ್ಲಿ, ನಮ್ಮಲ್ಲಿ

ದುಡ್ಡಿರುವ ದೇಶಗಳಿಗೆ ಮಾತ್ರ ಇದೆಲ್ಲ ಸಾಧ್ಯ ಎಂದುಕೊಳ್ಳಬೇಕಿಲ್ಲ. ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯದಲ್ಲಿ ‘ಸ್ಕೂಲ್ ಆಫ್ ಕಲ್ಚರಲ್ ಟೆಕ್ಸ್ಟ್ಸ್ ಅಂಡ್ ರೆಕಾರ್ಡ್ಸ್’ ಎಂಬ ವಿಭಾಗ ಇದೆ. ಪ್ರಾಧ್ಯಾಪಕ ಸುಕಾಂತ ಚೌಧುರಿ ಅವರ ನೇತೃತ್ವದಲ್ಲಿ ಅಲ್ಲಿ ರವೀಂದ್ರನಾಥ ಠಾಕೂರರ ಎಲ್ಲ ಸಾಹಿತ್ಯದ ‘ಬಿಚಿತ್ರಾ’ ಎಂಬ ಡಿಜಿಟಲ್ ಸಂಗ್ರಹ ಸಿದ್ಧವಾಯಿತು. ಹಸ್ತಪ್ರತಿ, ಪತ್ರಿಕೆ, ಪುಸ್ತಕ ಎಲ್ಲ ಸೇರಿ ಸುಮಾರು 1,40,000 ಪುಟ. ಸುಮಾರು ಎರಡು ವರ್ಷದಲ್ಲಿ ಮುಗಿಸಿ 2013ರಲ್ಲಿ ಎಲ್ಲರಿಗೂ ತೆರೆದರು.

ಠಾಕೂರರು ಬರೆದದ್ದನ್ನು ಮತ್ತೆ ಮತ್ತೆ ತಿದ್ದುತ್ತಿದ್ದರು. ಒಂದೇ ಕವಿತೆ ಹಸ್ತಪ್ರತಿಯಲ್ಲಿ ಒಂದು ರೂಪ, ಪತ್ರಿಕೆಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು. ಈ ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟು ಎಲ್ಲಿ ಏನು ಬದಲಾಗಿದೆ ಎಂದು ತೋರಿಸುವ ಪ್ರೋಗ್ರಾಮ್ ಒಂದನ್ನು ತಂಡದವರೇ ಬರೆದರು. ಅದರ ಹೆಸರು ‘ಪ್ರಭೇದ’. ಮೊದಲು ಅಧ್ಯಾಯದ ಮಟ್ಟದಲ್ಲಿ, ಆಮೇಲೆ ಪ್ಯಾರಾ ಅಥವಾ ಪದ್ಯದ ಮಟ್ಟದಲ್ಲಿ, ಕೊನೆಗೆ ಒಂದೊಂದು ಪದದ ಮಟ್ಟದಲ್ಲಿ ಹೋಲಿಸುತ್ತದೆ. ಆದರೆ ಠಾಕೂರರು ಹೊಡೆದುಹಾಕಿದ ಸಾಲುಗಳ ಮೇಲೆ ಚಿತ್ರ ಬಿಡಿಸುತ್ತಿದ್ದರು. ಆ ಚಿತ್ರದ ಕೆಳಗೆ ಯಾವ ಪದ ಇದೆ ಎಂದು ಹೇಳಲು ಅವರ ಕೈಬರಹಕ್ಕೆ ಪಳಗಿದ ಕಣ್ಣೇ ಬೇಕು. ಹಾಗೆ ಓದಿ ಬರೆದುಕೊಟ್ಟವರು, ಪ್ರೋಗ್ರಾಮ್ ಮಾಡಿದವರು ಒಂದೇ ಸೂರಿನಡಿ ಇದ್ದರು. ಎರಡು ವರ್ಷದಲ್ಲಿ ಮುಗಿಯಲು ಅದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಕರ್ನಾಟಕದಲ್ಲಿ ಇಂಥ ಕೆಲಸ ಆಗುತ್ತಿಲ್ಲ ಎಂದೇನಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಆ ಸ್ಕ್ಯಾನಿನಲ್ಲಿ ಓದಲು ಸಿಗುತ್ತದೆ. ರಸ್ತೆ ಅಗಲ ಮಾಡುವಾಗ, ಸೈಟ್ ಮಾಡುವಾಗ ಕಲ್ಲು ಕಳೆದುಹೋದರೂ ಅದರ ಮಾತು ಉಳಿಯುತ್ತದೆ. ‘ವಚನ ಸಂಚಯ’ ಎಂಬ ವೆಬ್‌ಸೈಟ್‌ನಲ್ಲಿ ಯಾವ ಪದ ಯಾವ ವಚನದಲ್ಲಿ ಬಂದಿದೆ ಎಂದು ಯಾರು ಬೇಕಾದರೂ ಹುಡುಕಬಹುದು. ಸಾಫ್ಟ್‌ವೇರ್ ಬಲ್ಲವರೂ ಸಾಹಿತ್ಯ ಬಲ್ಲವರೂ ತಮ್ಮ ಬಿಡುವಿನ ವೇಳೆ ಕೊಟ್ಟು ಕಟ್ಟಿದ್ದು ಅದು.

ಇವೆರಡೂ ವಿಶ್ವವಿದ್ಯಾಲಯದ ಹೊರಗೆ ಆದ ಕೆಲಸ ಎಂಬುದನ್ನು ಗಮನಿಸಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗೇ ಒಂದು ವಿಭಾಗ ಇದೆ. ಮೈಸೂರಿನಲ್ಲಿ 1891ರಿಂದ ಇರುವ ಓರಿಯಂಟಲ್ ಲೈಬ್ರರಿ, ಅಂದರೆ ಇವತ್ತಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಓಲೆಗರಿಗಳ ಕಣಜ. ಕೌಟಿಲ್ಯನ ಅರ್ಥಶಾಸ್ತ್ರ ಬೆಳಕಿಗೆ ಬಂದದ್ದು ಅಲ್ಲಿಂದಲೇ. ಎಂಜಿನಿಯರಿಂಗ್ ಕಾಲೇಜುಗಳಂತೂ ಪ್ರತಿ ಜಿಲ್ಲೆಯಲ್ಲೂ ಇವೆ. ಅಲ್ಲಿನ ಮಕ್ಕಳು ಪ್ರತಿ ವರ್ಷ ಕೊನೆಯ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಾರೆ, ಕೊನೆಗೆ ಹಳೆಯದನ್ನೇ ಮತ್ತೆ ಮಾಡುತ್ತಾರೆ. ಓಲೆಗರಿ ಒಂದು ಕಡೆ, ಓದಬಲ್ಲವರು ಇನ್ನೊಂದು ಕಡೆ, ಈ ಮಕ್ಕಳು ಮತ್ತೊಂದು ಕಡೆ. ಮೂವರೂ ವಾರಕ್ಕೊಂದು ಮಧ್ಯಾಹ್ನ ಒಂದು ಲೈಬ್ರರಿಯ ಒಂದು ಮೇಜಿನಲ್ಲಿ ಕೂತರೂ ಸಾಕು, ಶುರುವಾಗುತ್ತದೆ. ತ್ರೀಡಿ ಪ್ರಿಂಟರ್ ಆಮೇಲೆ ಬರಲಿ. ಸ್ಕಾಲರ್ಸ್ ಲ್ಯಾಬ್‌ನಲ್ಲೂ ಅದು ಆಮೇಲೆಯೇ ಬಂದದ್ದು.

ಮುಗಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ?

ಇದು ಎಲ್ಲಕ್ಕಿಂತ ಕಷ್ಟದ ಭಾಗ. ಯೋಜನೆ ಉದ್ಘಾಟನೆ ಆಗುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಐದು ವರ್ಷದ ನಂತರ ಕೊಂಡಿ ಒತ್ತಿದರೆ ಪುಟವೇ ತೆರೆಯುವುದಿಲ್ಲ. ಮಾಡಿದ ಹುಡುಗ ಬೇರೆ ಕೆಲಸಕ್ಕೆ ಹೋಗಿರುತ್ತಾನೆ, ಅನುದಾನ ಮುಗಿದಿರುತ್ತದೆ, ಸರ್ವರ್‌ಗೆ ದುಡ್ಡು ಕಟ್ಟುವವರು ಇರುವುದಿಲ್ಲ. ಅಡೋಬಿ ಕಂಪನಿ 2020ರ ಕೊನೆಗೆ ಫ್ಲ್ಯಾಶ್ ಎಂಬ ಸಾಫ್ಟ್‌ವೇರ್ ನಿಲ್ಲಿಸಿದಾಗ, ಅದರಲ್ಲಿ ಮಾಡಿದ್ದ ಎಷ್ಟೋ ಕಲಾಕೃತಿ, ನಕ್ಷೆ, ಪಾಠಗಳು ಬ್ರೌಸರಿನಲ್ಲಿ ತೆರೆಯದಾದವು.

ಕನ್ನಡದವರಿಗೆ ಇದು ಚೆನ್ನಾಗಿ ಗೊತ್ತು. ಯುನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಎಷ್ಟು ಪಿಎಚ್‌ಡಿ ಪ್ರಬಂಧಗಳು, ಎಷ್ಟು ಪುಸ್ತಕಗಳು ಹೀಗೆ ಸಿಡಿಗಳಲ್ಲಿ ಮಲಗಿವೆ!

ದುಡ್ಡಿನ ಬಗ್ಗೆ ದೊಡ್ಡ ದೇಶವನ್ನೂ ನಂಬುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಮಾನವಿಕ ವಿಷಯಗಳಿಗೆ ದುಡ್ಡು ಕೊಡುವ ಅಮೆರಿಕ ಸರ್ಕಾರದ ನಿಧಿ ಈಗಾಗಲೇ ಕೊಟ್ಟಿದ್ದ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಅರ್ಧದಲ್ಲೇ ರದ್ದು ಮಾಡಿತು. ಡಿಜಿಟಲ್ ಕೆಲಸಗಳು ಹಲವು ಆ ದುಡ್ಡನ್ನೇ ನಂಬಿದ್ದವು.

ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ‘ಎಂಡಿಂಗ್ಸ್’ ಎಂಬ ತಂಡ ಇದಕ್ಕೆ ಒಂದು ದಾರಿ ಹುಡುಕಿದೆ. ಯೋಜನೆ ಶುರುವಾಗುವ ದಿನವೇ ಅದು ಹೇಗೆ ಮುಗಿಯುತ್ತದೆ ಎಂದು ತೀರ್ಮಾನ ಮಾಡಿ ಎನ್ನುತ್ತಾರೆ ಅವರು. ತೆರೆಯ ಹಿಂದೆ ಸದಾ ಓಡುತ್ತಿರುವ ಡೇಟಾಬೇಸ್ ಬೇಕಾಗುವಂತೆ ಕಟ್ಟಬೇಡಿ. ಕೊನೆಯಲ್ಲಿ ಎಲ್ಲವೂ ಸರಳ ಪುಟಗಳಾಗಿ ಉಳಿಯಲಿ, ಒಂದು ಫೋಲ್ಡರ್ ಎತ್ತಿ ಇನ್ನೊಂದು ಕಡೆ ಇಟ್ಟರೂ ತೆರೆಯುವಂತಿರಲಿ. ಮೂಲ ಪಠ್ಯವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಕೊಡಿ. ಏನು ಮಾಡಿದಿರಿ, ಯಾಕೆ ಹಾಗೆ ಮಾಡಿದಿರಿ ಎಂದು ಬರೆದಿಡಿ.

ಆ ಕೊನೆಯ ಮಾತನ್ನೇ ಜನ ಜಾಸ್ತಿ ಮರೆಯುವುದು. ನಮ್ಮ ಹೊಯ್ಸಳ ನಕ್ಷೆಗೆ ಮತ್ತೆ ಬರೋಣ. ಇಪ್ಪತ್ತು ವರ್ಷದ ನಂತರ ಹಾಸನದ ಕಡೆಯ ಒಬ್ಬಳು ವಿದ್ಯಾರ್ಥಿನಿ ಆ ಫೋಲ್ಡರ್ ತೆರೆಯುತ್ತಾಳೆ. ಪ್ರಾಧ್ಯಾಪಕಿ ನಿವೃತ್ತರಾಗಿದ್ದಾರೆ, ಹುಡುಗ ಎಲ್ಲಿದ್ದಾನೋ. ಒಡೆದ ಕಲ್ಲಿನ ಪುಟದಲ್ಲಿ ಅವಳಿಗೆ ಇಷ್ಟು ಸಿಗಬೇಕು: ಶಕ ವರ್ಷದ ಭಾಗ ಒಡೆದಿದೆ. ಹೇಮಲಂಬಿ ಎಂದಷ್ಟೇ ಓದಲು ಸಿಗುತ್ತದೆ. 1057, 1117, 1177 ಮೂರೂ ಸಾಧ್ಯ. 1117 ಇರಬಹುದು ಎಂದದ್ದು ಅಕ್ಷರದ ರೂಪ ನೋಡಿ. ಹಾಗೆಂದವರ ಹೆಸರು, ತಿಂಗಳು, ಇಸವಿ. ಪಕ್ಕದಲ್ಲಿ, ಅಚ್ಚು ತೆಗೆದವರ ಹೆಸರು, ಟೈಪ್ ಮಾಡಿದವರ ಹೆಸರು, ಕಾಲಂ ಬದಲಿಸಿದ ಹುಡುಗನ ಹೆಸರು.